ಎಕ್ಸ್1 ಗಾಡಿಯ ರನ್‌ಫ್ಲಾಟ್ ತೆಗೆದು ಮಾಮೂಲಿ ಟಯರ್ ಹಾಕುವುದಾದರೆ ರಿಮ್ ಕೂಡ ಬದಲಿಸಬೇಕಾ?

ಪಡುಬಿದ್ರಿ ಗಾಳಿ (ಪ್ರಶ್ನೆ)

ಗಾಡಿ 2018ರ ಬಿಎಂಡಬ್ಲ್ಯು ಎಕ್ಸ್1, ಎಫ್48, ಡೀಸೆಲ್, ಫ್ರಂಟ್ ವೀಲ್ ಡ್ರೈವ್. 225/50 ಆರ್ 18 ರನ್‌ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟಯರ್) ನಾಲ್ಕೂ ಸವೆದು 2 ಮಿ.ಮೀ.ಗೆ ಬಂದಿವೆ, ಮಳೆಗಾಲಕ್ಕೆ ಮೊದಲು ಬದಲಿಸಲೇಬೇಕು. ಎಡಗಡೆ ಮುಂದಿನ ರಿಮ್ಮಿನ ಒಳ ಅಂಚು ಬಾಗಿದೆ, ವಾರಕ್ಕೆ ಮೂರ್ನಾಲ್ಕು ಪಿಎಸ್‌ಐ ಗಾಳಿ ಇಳಿಯುತ್ತದೆ. ಓಡಾಟ ದಿನಾ ಉಡುಪಿ–ಮಂಗಳೂರು, ತಿಂಗಳಿಗೊಮ್ಮೆ ಶಿರಾಡಿ ಹತ್ತಿ ಬೆಂಗಳೂರು, ಅಪರೂಪಕ್ಕೆ ಆಗುಂಬೆ.

ಒಂದು ಅಂಗಡಿಯವರು ರನ್‌ಫ್ಲಾಟ್ ರಿಮ್ಮಿಗೆ ಮಾಮೂಲಿ ಟಯರ್ ಕೂರುವುದೇ ಇಲ್ಲ ಅಂತಾರೆ. ಇನ್ನೊಬ್ಬರು ಸ್ಕೋಡಾದ ಹಳೇ 17 ಇಂಚಿನ ರಿಮ್ ಸೆಟ್ ತೋರಿಸಿ, "ಪಿಸಿಡಿ (ಬೋಲ್ಟ್ ತೂತುಗಳ ಸಂಖ್ಯೆ, ಅವುಗಳ ವೃತ್ತದ ವ್ಯಾಸ) ಒಂದೇ, ಸಲೀಸಾಗಿ ಕೂರ್ತದೆ" ಅಂತಾರೆ. ಯಾರ ಮಾತು ಸರಿ? ಡಿಕ್ಕಿಯಲ್ಲಿ ಸ್ಟೆಪ್ನಿ, ಜಾಕ್ ಎರಡೂ ಇಲ್ಲ.

ಬೈಕಂಪಾಡಿ ಬ್ಯಾಲೆನ್ಸ್

ಎರಡೂ ತಪ್ಪು.

ನಿಮ್ಮ ರಿಮ್ ಈಎಚ್2 ಪ್ಲಸ್ ಎಂಬ ಬಗೆಯದ್ದು. ಟಯರಿನ ಬೀಡ್ (ರಿಮ್ಮಿಗೆ ಕಚ್ಚಿಕೊಳ್ಳುವ ಒಳ ಅಂಚು) ಕೂರುವ ಜಾಗದ ಪಕ್ಕದಲ್ಲಿ ಒಂದು ಉಬ್ಬು ಇರುತ್ತದೆ. ಗಾಳಿ ಪೂರ್ತಿ ಹೋದರೂ ಬೀಡ್ ಒಳಕ್ಕೆ ಜಾರದಂತೆ ತಡೆಯುವುದು ಅದೇ. ಅದರ ಮೇಲೆ ಮಾಮೂಲಿ ಟ್ಯೂಬ್‌ಲೆಸ್ ಟಯರ್ ಚೆನ್ನಾಗಿಯೇ ಕೂರುತ್ತದೆ. ಆಗದ್ದು ಇದರ ಉಲ್ಟಾ, ಅಂದರೆ ಆ ಉಬ್ಬು ಇಲ್ಲದ ರಿಮ್ಮಿಗೆ ರನ್‌ಫ್ಲಾಟ್ ಹಾಕುವುದು.

"ರಿಮ್ ಸಮೇತ ಬದಲಿಸಬೇಕು" ಎಂಬ ಮಾತು ಮಿಶೆಲಿನ್‌ನ ಪ್ಯಾಕ್ಸ್ ಎಂಬ ಬೇರೆಯೇ ವ್ಯವಸ್ಥೆಗೆ ನಿಜ. ಅಮೆರಿಕದಲ್ಲಿ 2005ರಲ್ಲಿ ಬಂದ ಹೋಂಡಾ ಒಡಿಸ್ಸಿ ಮಿನಿವ್ಯಾನಿನ ಟೂರಿಂಗ್ ಮಾದರಿಯಲ್ಲಿ ಅದಿತ್ತು. ಟಯರ್ ಅಳತೆಯೇ 235-710 ಆರ್460ಎ, ಎಲ್ಲ ಮಿಲಿಮೀಟರಿನಲ್ಲಿ. 460 ಮಿ.ಮೀ. ಅಂದರೆ 18 ಇಂಚಿಗಿಂತ ಸುಮಾರು 3 ಮಿ.ಮೀ. ಹೆಚ್ಚು, ಹಾಗಾಗಿ ಯಾವ ಮಾಮೂಲಿ ಟಯರೂ ಅದಕ್ಕೆ ಹೊಂದುವುದಿಲ್ಲ. ಒಳಗೆ ರಿಮ್ಮಿನ ಸುತ್ತ ಒಂದು ಆಧಾರದ ಬಳೆ ಬೇರೆ. ಅದನ್ನು ಬಿಟ್ಟವರು 5×120 ಪಿಸಿಡಿಯ 16 ಅಥವಾ 17 ಇಂಚಿನ ರಿಮ್ ನಾಲ್ಕು ಕೊಂಡು, 235/65 ಆರ್ 16 ತರಹದ ಟಯರ್ ಹಾಕಿಸಲೇಬೇಕಾಯಿತು. ನಿಮ್ಮದು ಟಯರಿನ ಪಕ್ಕದ ಗೋಡೆ ದಪ್ಪ ಇರುವ ರನ್‌ಫ್ಲಾಟ್. ಆ ತಾಪತ್ರಯ ಇಲ್ಲ.

ಸ್ಕೋಡಾ ರಿಮ್ ವಿಷಯ: ಪಿಸಿಡಿ 5×112 ಹೌದು, ಆದರೆ ನಡು ತೂತು 57.1 ಮಿ.ಮೀ. ನಿಮ್ಮ ಹಬ್ (ಚಕ್ರ ಕೂರುವ ನಡುಭಾಗ) 66.6. ಒಳಗೇ ಹೋಗುವುದಿಲ್ಲ. ಲೇತಿನಲ್ಲಿ ಕೊರೆದು ದೊಡ್ಡದು ಮಾಡಿಕೊಡುವವರು ಸಿಗುತ್ತಾರೆ, ಅಷ್ಟಕ್ಕೂ ಮುಗಿಯುವುದಿಲ್ಲ. ಸ್ಕೋಡಾ ರಿಮ್ಮಿನ ಬೋಲ್ಟ್ ಕೂರುವ ಗುಂಡಿ ಗೋಲಾಕಾರ, ಬಿಎಂಡಬ್ಲ್ಯು ಬೋಲ್ಟಿನ ತಲೆ ಕೋನಾಕಾರ. ಕೋನದ ಬೋಲ್ಟ್ ಗೋಲದ ಗುಂಡಿಯಲ್ಲಿ ಒಂದು ಗೆರೆಯಷ್ಟೇ ಜಾಗದಲ್ಲಿ ತಾಗುತ್ತದೆ. ಮೊದಲ ದಿನ ಬಿಗಿಯಾಗಿಯೇ ಕಾಣುತ್ತದೆ, ನೂರಿನ್ನೂರು ಕಿ.ಮೀ. ಓಡಿದ ಮೇಲೆ ಅಲ್ಯೂಮಿನಿಯಂ ಒತ್ತಿಕೊಂಡು ಬೋಲ್ಟ್ ಸಡಿಲ. ಬೆಂಜ್ ರಿಮ್ಮಿಗೆ 66.6 ತೂತು ಇರುತ್ತದೆ, ಹಬ್ಬಿಗೆ ಸರಿಯಾಗಿ ಕೂರುತ್ತದೆ, ಅದಕ್ಕೂ ಇದೇ ಗುಂಡಿಯ ದೋಷ ಉಂಟು. ಅದಕ್ಕೇ ಜನ ಹೆಚ್ಚು ಮೋಸ ಹೋಗುವುದು ಬೆಂಜ್ ರಿಮ್ಮಿನಲ್ಲಿ.

ಬಾಗಿದ ರಿಮ್ ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಹಾಕಿ ನಿಧಾನ ತಿರುಗಿಸಿ ನೋಡಿ. ಒಳ ಅಂಚು ಮಾತ್ರ ಬಾಗಿದ್ದು ಬಿರುಕು ಇಲ್ಲದಿದ್ದರೆ ಪ್ರೆಸ್ಸಿನಲ್ಲಿ ತಳ್ಳಿ ಸರಿ ಮಾಡಬಹುದು. ಗ್ಯಾಸ್ ಬೆಂಕಿ ಕೊಟ್ಟು ಸುತ್ತಿಗೆಯಲ್ಲಿ ಬಡಿಯುವಲ್ಲಿಗೆ ಕೊಡಬೇಡಿ, ಅಲಾಯ್ ಮೆದುವಾಗಿ ಮುಂದಿನ ಹೊಂಡಕ್ಕೆ ಅಲ್ಲೇ ಮತ್ತೆ ಬಾಗುತ್ತದೆ. ಬಿರುಕು ಇದ್ದರೆ ವೆಲ್ಡಿಂಗ್ ಬೇಡ, ರಿಮ್ ಬದಲಿಸಿ.

ಕುಳೂರು ಸಂಕ

ರಿಮ್ ಬದಲಿಸುವ ಅಗತ್ಯ ಇಲ್ಲ, ನಿಜ. ಆದರೂ ಒಂದು ರಿಮ್ ಹೋಗಿದೆ ಅಂದಮೇಲೆ 17 ಇಂಚಿಗೆ ಇಳಿಯುವುದನ್ನು ಯೋಚಿಸಿ. ಅದೇ ಗಾಡಿಗೆ ಕಂಪನಿಯದೇ 17 ಇಂಚಿನ ಅಳತೆ ಉಂಟು: 225/55 ಆರ್ 17, ರಿಮ್ 7.5 ಇಂಚು ಅಗಲ, ಇಟಿ (ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ತಾಗುವ ಮುಖಕ್ಕಿರುವ ದೂರ) 52 ಮಿ.ಮೀ. ಲೆಕ್ಕ ಹಾಕಿ ನೋಡಿ. 225/50 ಆರ್ 18ರ ಹೊರ ವ್ಯಾಸ 682 ಮಿ.ಮೀ., 225/55 ಆರ್ 17ರದ್ದು 679. ಸ್ಪೀಡೋಮೀಟರಿನಲ್ಲಿ ಗೊತ್ತೇ ಆಗುವುದಿಲ್ಲ. ಗೋಡೆಯ ಎತ್ತರ ಮಾತ್ರ 112ರಿಂದ 124 ಮಿ.ಮೀ.ಗೆ ಏರುತ್ತದೆ. ಹೊಂಡದ ಅಂಚಿಗೆ ರಿಮ್ ಬಡಿಯದಂತೆ ಕಾಯುವುದು ಆ 12 ಮಿ.ಮೀ. ರಬ್ಬರ್ ಮತ್ತು ಗಾಳಿ. ಜುಲೈಯಲ್ಲಿ ನೀರು ತುಂಬಿದ ಹೊಂಡದ ಆಳ ಗೊತ್ತಾಗದ ನಮ್ಮ ರಸ್ತೆಗೆ 18 ಇಂಚಿನ ಚಂದಕ್ಕಿಂತ ಇದು ದೊಡ್ಡದು.

ಹೊರಗಿನ ಕಂಪನಿಯ ರಿಮ್ ಆದರೆ ನಡು ತೂತು ಹೆಚ್ಚಾಗಿ 73.1 ಇರುತ್ತದೆ. 73.1ರಿಂದ 66.6ಕ್ಕೆ ಇಳಿಸುವ ಹಬ್ ರಿಂಗ್ ನಾಲ್ಕು ತೆಗೆದುಕೊಳ್ಳಿ, ಇಲ್ಲದಿದ್ದರೆ ಎಷ್ಟು ಬ್ಯಾಲೆನ್ಸ್ ಮಾಡಿದರೂ 90ರ ಮೇಲೆ ಸ್ಟಿಯರಿಂಗ್ ನಡುಗುವುದು ನಿಲ್ಲುವುದಿಲ್ಲ.

ಟಯರ್ ಆರಿಸುವಾಗ ಲೋಡ್ ಇಂಡೆಕ್ಸ್ ಈಗಿನದಕ್ಕಿಂತ ಕಡಿಮೆ ಆಗಬಾರದು. 95 ಅಂದರೆ ಟಯರಿಗೆ 690 ಕಿಲೋ, 97 ಅಂದರೆ 730. ಗೋಡೆಯ ಮೇಲಿನ ನಾಲ್ಕಂಕಿಯ ತಾರೀಕು ಓದಿ: 2324 ಎಂದಿದ್ದರೆ 2024ರ 23ನೇ ವಾರ. ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಎರಡು ರನ್‌ಫ್ಲಾಟ್, ಎರಡು ಮಾಮೂಲಿ ಮಾಡಿದರೆ ತಿರುವಿನಲ್ಲಿ ಮುಂದೆ ಒಂದು ಬಗೆ, ಹಿಂದೆ ಒಂದು ಬಗೆ ಹಿಡಿತ.

ಬಿಚ್ಚುವಾಗ ನೋಡಬೇಕಾದ್ದು. ರನ್‌ಫ್ಲಾಟ್ ಗೋಡೆ ಗಟ್ಟಿ, ಸಹಾಯಕ ತೋಳು ಇರುವ ಮೆಷಿನ್ ಬೇಕು. ಕಬ್ಬಿಣದ ಪಟ್ಟಿ ಹಾಕಿ ಮೀಟಿದರೆ ರಿಮ್ ಅಂಚು ಹೋಗುತ್ತದೆ, ವಾಲ್ವಿನ ಬುಡದಲ್ಲಿ ಸೆನ್ಸರ್ ಇದ್ದರೆ ಅದೂ ಮುರಿಯುತ್ತದೆ. ಸೆನ್ಸರ್ ಇದೆಯಾ ಎಂದು ಮೊದಲೇ ತಿಳಿಯಲು ಸ್ಕ್ರೀನ್ ನೋಡಿ: ಒಂದೊಂದು ಟಯರಿನ ಒತ್ತಡ ಅಂಕಿಯಲ್ಲಿ ತೋರಿಸಿದರೆ ಸೆನ್ಸರ್ ಉಂಟು. ಬರೀ ಎಚ್ಚರಿಕೆ ದೀಪ ಮಾತ್ರ ಆದರೆ ಅದು ಎಬಿಎಸ್‌ನ ಚಕ್ರದ ವೇಗ ನೋಡಿ ಲೆಕ್ಕ ಹಾಕುವಂಥದ್ದು. ಸೆನ್ಸರ್ ಇದ್ದರೆ ವಾಲ್ವಿನ ರಬ್ಬರ್ ಸೀಲ್, ಕೋರ್, ನಟ್ ಹೊಸದು ಹಾಕಿಸಿ. ಹಳೇ ಸೀಲಿನಿಂದಲೇ ಆಮೇಲೆ ಗಾಳಿ ಸೋರುವುದು.

ಕರಾವಳಿಯಲ್ಲಿ ಇನ್ನೊಂದು ಕೆಲಸ ಬಿಡಬಾರದು. ಉಪ್ಪಿನ ಗಾಳಿಗೆ ರಿಮ್ಮಿನ ಬೀಡ್ ಜಾಗದಲ್ಲಿ ಪೇಂಟ್ ಎದ್ದು ಬಿಳಿ ಪುಡಿ ಕಟ್ಟಿರುತ್ತದೆ. ಕೈಬೆರಳು ಆಡಿಸಿದರೆ ಸಣ್ಣ ಮರಳಿನ ಹಾಗೆ ಸಿಗುತ್ತದೆ. ವಾರಕ್ಕೆ ಮೂರ್ನಾಲ್ಕು ಪಿಎಸ್‌ಐ ಇಳಿಯಲು ಅದೊಂದೇ ಸಾಕು, ಬಾಗಿದ ಅಂಚೇ ಕಾರಣ ಎಂದು ಈಗಲೇ ತೀರ್ಮಾನಿಸಬೇಡಿ. ನೈಲಾನ್ ಬ್ರಶ್ಶಿನಲ್ಲಿ ಉಜ್ಜಿ ತೆಗೆಸಿ, ಬೀಡ್ ಪೇಸ್ಟ್ ಹಚ್ಚಿಸಿ. ಬಟ್ಟೆ ಸೋಪಿನ ನೀರು ಬೇಡ, ತುಕ್ಕು ಮತ್ತೆ ಅಲ್ಲಿಂದಲೇ ಶುರು. ಬೀಡ್ ಕೂರದೆ ಹಟ ಮಾಡಿದರೆ ಗಾಳಿ ಏರಿಸುತ್ತಾ ಹೋಗಬಾರದು. ಕೂರಿಸುವ ಗರಿಷ್ಠ ಒತ್ತಡ ಹೆಚ್ಚಾಗಿ ಟಯರ್ ಮೇಲೆಯೇ ಇರುತ್ತದೆ, ಸಾಮಾನ್ಯವಾಗಿ 40 ಪಿಎಸ್‌ಐ. ಅಷ್ಟಕ್ಕೂ ಕೂರದಿದ್ದರೆ ಗಾಳಿ ಬಿಟ್ಟು, ಮತ್ತೆ ಪೇಸ್ಟ್ ಹಚ್ಚಿ, ಮೊದಲಿನಿಂದ.

ಹಬ್ಬಿನ ಮುಖವನ್ನೂ ಉಜ್ಜಿ. ನಡುವಿನ ಬಳೆಗೆ ತೆಳ್ಳಗೆ ಆ್ಯಂಟಿ ಸೀಜ್ ಹಚ್ಚಿದರೆ ಮುಂದಿನ ಸಲ ಚಕ್ರ ಅಂಟಿಕೊಂಡು ಒದೆಯುವ ಪಾಡು ಇಲ್ಲ. ಬೋಲ್ಟಿನ ಎಳೆಗೆ ಮಾತ್ರ ಏನೂ ಹಚ್ಚಬೇಡಿ. ಬೋಲ್ಟ್ ಎಂ14×1.25, ಬಿಗಿಯುವುದು 140 ನ್ಯೂಟನ್ ಮೀಟರ್, ನಕ್ಷತ್ರದ ಕ್ರಮದಲ್ಲಿ, ಟಾರ್ಕ್ ರೆಂಚಿನಲ್ಲಿ. 100 ಕಿ.ಮೀ. ಒಳಗೆ ಇನ್ನೊಮ್ಮೆ ನೋಡಿ. ಒತ್ತಡ ಬಾಗಿಲ ಕಂಬದ ಸ್ಟಿಕ್ಕರ್ ಪ್ರಕಾರವೇ, ಟಯರ್ ತಣ್ಣಗಿರುವಾಗ. ಮೆನುವಿನಲ್ಲಿ ಟಯರ್ ಪ್ರೆಷರ್ ರೀಸೆಟ್ ಕೊಟ್ಟು ಸ್ವಲ್ಪ ದೂರ ಓಡಿಸಿದರೆ ಸಾಕು, ಕೋಡಿಂಗ್ ಬೇಕು ಎಂದು ದುಡ್ಡು ಕೇಳಿದರೆ ಕೊಡಬೇಡಿ.

ಸೋಮೇಶ್ವರದ ತಿರುವು

ಇಷ್ಟೆಲ್ಲ ಸರಿ, ಆದರೆ ತೆಗೆಯುವ ಮೊದಲು ಆಗುಂಬೆ ಘಾಟಿಯನ್ನು ಒಮ್ಮೆ ನೆನೆಸಿ. 14 ಹೇರ್‌ಪಿನ್, ಬದಿಯಲ್ಲಿ ನಿಲ್ಲಿಸಲು ಜಾಗ ಇಲ್ಲ, ಮಳೆ, ಕತ್ತಲು. ಏರಿನಲ್ಲಿ ಜಾಕ್ ಹಾಕುವುದೇ ಅಪಾಯ. ರನ್‌ಫ್ಲಾಟ್ ಆದರೆ ಗಾಳಿ ಪೂರ್ತಿ ಹೋದರೂ 80ರ ವೇಗ ಮೀರದೆ ಸುಮಾರು 80 ಕಿ.ಮೀ. ಹೋಗಬಹುದು, ಹೆಬ್ರಿ ಮುಟ್ಟಿಯೇ ನಿಲ್ಲಿಸಬಹುದು. ಟಯರ್ ಒಮ್ಮೆಲೇ ಒಡೆದಾಗಲೂ ಸ್ಟಿಯರಿಂಗ್ ಕೈಯಲ್ಲಿರುತ್ತದೆ. ಮನೆಯಲ್ಲಿ ಟಯರ್ ಬದಲಿಸಲು ಬಾರದವರೂ ಗಾಡಿ ಓಡಿಸುವುದಾದರೆ ನನ್ನ ಮತ ರನ್‌ಫ್ಲಾಟ್ ಉಳಿಸಿಕೊಳ್ಳುವುದಕ್ಕೇ.

ಬೈಕಂಪಾಡಿ ಬ್ಯಾಲೆನ್ಸ್

ಘಾಟಿಯ ಮಾತು ಒಪ್ಪುತ್ತೇನೆ. ಹೆಬ್ರಿ ಮುಟ್ಟಿದ ಮೇಲೆ ಏನು ಎಂಬುದನ್ನೂ ಯೋಚಿಸಬೇಕು. ಗಾಳಿ ಇಲ್ಲದೆ ಓಡಿದ ರನ್‌ಫ್ಲಾಟಿನ ಗೋಡೆ ಒಳಗಿನಿಂದ ಸುಟ್ಟು ಸವೆದಿರುತ್ತದೆ. ಬಿಚ್ಚಿದರೆ ಒಳಗೆ ಕಪ್ಪು ರಬ್ಬರ್ ಪುಡಿ ಬೀಳುತ್ತದೆ. ಅಂಥದ್ದಕ್ಕೆ ಪಂಕ್ಚರ್ ಹಾಕಬಾರದು, ಹೊಸದೇ ಬೇಕು. ಭಾನುವಾರ ಸಂಜೆ ಹೆಬ್ರಿಯಲ್ಲೋ ಉಪ್ಪಿನಂಗಡಿಯಲ್ಲೋ 225/50 ಆರ್ 18 ರನ್‌ಫ್ಲಾಟ್ ಎಲ್ಲಿ ಸಿಗಬೇಕು? ಮಾಮೂಲಿ ಟಯರಿಗೆ ಮೊಳೆ ಹೊಕ್ಕರೆ ಹೆದ್ದಾರಿ ಬದಿಯ ಯಾವ ಪಂಕ್ಚರ್ ಅಂಗಡಿಯಲ್ಲೂ ಹತ್ತು ನಿಮಿಷದ ಕೆಲಸ.

ಪಡುಬಿದ್ರಿ ಗಾಳಿ

17 ಇಂಚಿನ ಮಾಮೂಲಿ ಸೆಟ್ಟಿಗೇ ಹೋಗುತ್ತೇನೆ. ಹಾಗಾದರೆ ಡಿಕ್ಕಿಯಲ್ಲಿ ಏನಿಡಬೇಕು? ಸ್ಟೆಪ್ನಿ ಇಲ್ಲದೆ ಓಡಿಸಿದರೆ ಕಾನೂನಿನ ತೊಂದರೆ ಉಂಟಾ?

ಕುಳೂರು ಸಂಕ

ಕಾನೂನು: 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ಬಂದ ತಿದ್ದುಪಡಿಯಂತೆ ಟ್ಯೂಬ್‌ಲೆಸ್ ಟಯರ್, ಟಯರ್ ಒತ್ತಡ ಎಚ್ಚರಿಕೆ ವ್ಯವಸ್ಥೆ, ರಿಪೇರಿ ಕಿಟ್ ಇರುವ ಇಂಥ ಕಾರಿಗೆ ಸ್ಟೆಪ್ನಿ ಕಡ್ಡಾಯ ಅಲ್ಲ. ಅಂದರೆ ಕಿಟ್ ಇರಲೇಬೇಕು.

ಕಿಟ್ಟಿನಲ್ಲಿ 12 ವೋಲ್ಟಿನ ಕಂಪ್ರೆಸರ್, ಹಗ್ಗದ ಪ್ಲಗ್ ಸೆಟ್, ಪ್ರೆಷರ್ ಗೇಜ್, ಸೀಲೆಂಟ್ ಬಾಟಲಿ. ಮೊದಲು ಪ್ಲಗ್, ಆಗದಿದ್ದರೆ ಮಾತ್ರ ಸೀಲೆಂಟ್. ಒಮ್ಮೆ ಸೀಲೆಂಟ್ ಹೊಕ್ಕರೆ ಒಳಗೆಲ್ಲ ಅಂಟು, ಸೆನ್ಸರಿನ ಸಣ್ಣ ತೂತು ಮುಚ್ಚುತ್ತದೆ, ಆಮೇಲೆ ಸರಿಯಾಗಿ ಪ್ಯಾಚ್ ಹಾಕುವವನಿಗೂ ಕಷ್ಟ. ಸೀಲೆಂಟಿಗೆ ಅವಧಿ ಉಂಟು, ಬಾಟಲಿ ಮೇಲಿನ ತಾರೀಕು ನೋಡಿ. ಗೋಡೆ ಹರಿದರೆ ಎರಡೂ ಪ್ರಯೋಜನ ಇಲ್ಲ.

ಆ ಕಾರಣಕ್ಕೇ ಘಾಟಿ ಹತ್ತುವವರಿಗೆ ಸ್ಟೆಪ್ನಿ ಬೇಕು ಅನ್ನುವವನು ನಾನು. ಪೂರ್ತಿ ಅಳತೆಯದ್ದು ಸುಮಾರು 68 ಸೆಂ.ಮೀ. ವ್ಯಾಸ, 23 ಸೆಂ.ಮೀ. ದಪ್ಪ, ಡಿಕ್ಕಿಯ ನೆಲದಡಿ ಹಿಡಿಯುತ್ತದಾ ಎಂದು ಅಳತೆ ಪಟ್ಟಿಯಲ್ಲಿ ನೋಡಿಯೇ ಕೊಳ್ಳಿ. ಹಿಡಿಯದಿದ್ದರೆ ಅದೇ 5×112, 66.6ರ ತೆಳು ಸ್ಟೆಪ್ನಿ. ಅದಕ್ಕೆ ಗಾಳಿ ಸಾಮಾನ್ಯವಾಗಿ 60 ಪಿಎಸ್‌ಐ, ವೇಗ 80ರ ಒಳಗೆ. ತಂದ ದಿನವೇ ಮನೆಯಂಗಳದಲ್ಲಿ ಮುಂದಿನ ಹಬ್ಬಿಗೆ ಹಾಕಿ ಕೈಯಲ್ಲಿ ತಿರುಗಿಸಿ, ಬ್ರೇಕ್ ಕ್ಯಾಲಿಪರ್ ತಾಗುತ್ತದಾ ನೋಡಿ. ಬೋಲ್ಟ್ ಕನಿಷ್ಠ ಏಳೆಂಟು ಸುತ್ತು ಒಳಗೆ ಹೋಗಬೇಕು. ರಿಮ್ ದಪ್ಪ ಬೇರೆಯಾದರೆ ಅದಕ್ಕೆ ಬೇರೆ ಉದ್ದದ ಐದು ಬೋಲ್ಟ್ ತೆಗೆದಿಡಿ.

ಜಾಕ್ ಜೊತೆಗೆ ಸಿಲ್ಲಿನ (ಬಾಗಿಲ ಕೆಳಗಿನ ಅಂಚಿನ) ಅಡಿಯ ಪ್ಲಾಸ್ಟಿಕ್ ಪ್ಯಾಡಿಗೆ ಹೊಂದುವ ರಬ್ಬರ್ ಗಟ್ಟಿ, 17 ಮಿ.ಮೀ. ಸಾಕೆಟ್, ಉದ್ದ ಹಿಡಿಯ ಪಾನಾ. ಇಲ್ಲಿ ಬೋಲ್ಟ್ ಹೊರಗಿನಿಂದ ಬರುತ್ತದೆ, ಚಕ್ರ ನೇತುಹಾಕಲು ಸ್ಟಡ್ ಇರುವುದಿಲ್ಲ, ಹಾಗಾಗಿ ಎಂ14×1.25ರ ಗೈಡ್ ಪಿನ್ ಒಂದು ಇದ್ದರೆ ಕತ್ತಲಲ್ಲಿ ಚಕ್ರ ಎತ್ತಿ ತೂತು ಹುಡುಕುವ ಕಷ್ಟ ಇಲ್ಲ. ಮಳೆಗಾಲದ ಕೆಂಪು ಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ, ಅಡಿಗಿಡಲು ಒಂದಡಿ ಚದರದ ಪ್ಲೈವುಡ್ ತುಂಡು, 18 ಮಿ.ಮೀ. ದಪ್ಪದ್ದು. ಮತ್ತೆ, ಕಳ್ಳರ ಕಾಟಕ್ಕೆ ಲಾಕ್ ಬೋಲ್ಟ್ ಹಾಕಿದ್ದರೆ ಅದರ ಕೀಲಿ ಟಯರ್ ಅಂಗಡಿಯಲ್ಲೇ ಮರೆತುಹೋಗುವುದು ಜಾಸ್ತಿ. ಗಾಡಿ ಹೊರಡಿಸುವ ಮೊದಲು ಅದನ್ನು ಕೇಳಿ ಕೈಗೆ ತೆಗೆದುಕೊಳ್ಳಿ.