ಅಪ್‌ಡೇಟ್: ಸರ್ವರ್ ರೂಮ್ ಹ್ಯುಮಿಡಿಟಿ ಅಲಾರಂಗೆ ಕಾರಣ ಸಿಕ್ತು ಕಣ್ರಪ್ಪ

ಹೋದ ಸಲ ಕೇಳಿದ್ನಲ್ಲ, ಹಾಸನದ ನಮ್ಮ ಸಣ್ಣ ಡೇಟಾ ಸೆಂಟರ್‌ನಲ್ಲಿ ಮಳೆ ಹಿಡಿದಾಗಿಂದ ರಾತ್ರಿ ಹೊತ್ತು ಬಿಎಂಎಸ್ (ಕಟ್ಟಡದ ಏಸಿ, ಕರೆಂಟ್ ಎಲ್ಲ ನೋಡ್ಕೊಳ್ಳೋ ಕಂಪ್ಯೂಟರ್ ವ್ಯವಸ್ಥೆ) ಹ್ಯುಮಿಡಿಟಿ (ಗಾಳಿಯ ತೇವ) ಅಲಾರಂ ಹೊಡ್ಕೊಳ್ತಾನೇ ಇರುತ್ತೆ, ಕರೆಂಟ್ ಬಿಲ್ ಬೇರೆ ಏರ್ತಿದೆ ಅಂತ. ಹೊರಗಿನ ತೇವದ ಗಾಳಿ ನುಗ್ತಿದೆ ಅಂತ ಸುಮಾರು ಜನ ಅಂದ್ರಿ, ಅದೂ ಸ್ವಲ್ಪ ಇತ್ತು, ಕೇಬಲ್ ಹೋಗೋ ತೂತು ಮುಚ್ಚಿಸಿದ್ವಿ. ಆದ್ರೆ ಒಬ್ರು "ಎರಡು ಏಸಿ ಒಂದಕ್ಕೊಂದು ಉಲ್ಟಾ ಓಡ್ತಿವೆಯಾ ನೋಡಿ" ಅಂದಿದ್ರಲ್ಲ, ಅಸಲಿ ವಿಷ್ಯ ಅದೇ.

ಎರಡೂ ಯೂನಿಟ್ ಟ್ರೆಂಡ್ ಒಂದೇ ಗ್ರಾಫಲ್ಲಿ ಹಾಕಿದ್ರೆ, ಒಂದು ಹ್ಯುಮಿಡಿಫೈಯರ್ ಆನ್ ಮಾಡ್ಕೊಂಡು ಹಬೆ ಬಿಡ್ತಾ ಕೂತಿದೆ, ಪಕ್ಕದ್ದು ಅದೇ ತೇವ ಹಿಂಡಿ ಆಮೇಲೆ ಹೀಟರ್ ಹಾಕಿ ಗಾಳಿ ಬಿಸಿ ಮಾಡ್ತಿದೆ, ಅತ್ತೆ ಒಲೆ ಹಚ್ಚಿದ್ರೆ ಸೊಸೆ ನೀರು ಸುರಿದಂಗೆ! ಎರಡರ ಸೆನ್ಸರ್ ಅಕ್ಕಪಕ್ಕ ಇಟ್ಟು ನೋಡಿದ್ರೆ ಒಂದು 38% ಇನ್ನೊಂದು 61%. ಹಳೇ ಸೆನ್ಸರ್ ಡ್ರಿಫ್ಟ್ ಆಗಿತ್ತು, ಅಂದ್ರೆ ಬರ್ತಾ ಬರ್ತಾ ತಪ್ಪು ರೀಡಿಂಗ್ ಕೊಡ್ತಿತ್ತು, ಬದಲಾಯಿಸಿದ್ವಿ.

ಈಗ ಹ್ಯುಮಿಡಿಫೈಯರ್ ಒಂದ್ರಲ್ಲಿ ಮಾತ್ರ, ಕಂಟ್ರೋಲ್ ಡ್ಯೂ ಪಾಯಿಂಟ್ (ಗಾಳಿಯ ತೇವ ನೀರಾಗೋಕೆ ಶುರುವಾಗೋ ಟೆಂಪರೇಚರ್) ಮೇಲೆ. ಆರ್‌ಎಚ್ (ಮೇಲಿನ % ಲೆಕ್ಕ, ರಿಲೇಟಿವ್ ಹ್ಯುಮಿಡಿಟಿ) ನಂಬ್ಕೊಂಡ್ರೆ ತೇವ ಅಷ್ಟೇ ಇದ್ರೂ ಟೆಂಪರೇಚರ್ ಇಳಿದ ತಕ್ಷಣ ನಂಬರ್ ಏರುತ್ತೆ. ರೂಮ್ 20 ಡಿಗ್ರಿನೇ ಇರ್ಬೇಕು ಅಂತ ಏಸಿ ಸರ್ವಿಸ್ ಹುಡುಗಂದು ಹಠ, ಆಶ್ರೇ (ಅಮೆರಿಕದ ಏಸಿ ಎಂಜಿನಿಯರ್‌ಗಳ ಸಂಘ) ಶಿಫಾರಸು ರ‍್ಯಾಕ್ ಒಳಗೆ ಹೋಗೋ ಗಾಳಿಗೆ 18ರಿಂದ 27 ಅಂತ ತೋರಿಸಿದ್ಮೇಲೆ ಸುಮ್ನಾದ, 24ಕ್ಕೆ ಇಟ್ಟಿದೀವಿ.

ಅಲಾರಂ ನಿಂತಿದೆ. ಇನ್ನೊಂದು ತಲೆನೋವು, ಡಿಜಿ (ಡೀಸೆಲ್ ಜನರೇಟರ್) ಮೀಟರ್‌ದು ಮಾಡ್‌ಬಸ್ (ರೀಡಿಂಗ್ ಕಳಿಸೋ ಡೇಟಾ ಲೈನ್) ಆಗಾಗ ಕಟ್ ಆಗ್ತಿದೆ, ಲೈನ್ ತುದೀಲಿ 120 ಓಮ್ ರೆಸಿಸ್ಟರ್ (ಸಿಗ್ನಲ್ ತುದಿ ತಾಗಿ ವಾಪಸ್ ಬರದಂಗೆ ಹಾಕೋದು) ಇದೆಯಾ ಅಂತ ಮೊದಲು ನೋಡ್ತೀನಿ, ಆಮೇಲೆ ನಿಮ್ ತಲೆ ತಿಂತೀನಿ.