ಶಾಲಾ ವಾರ್ಷಿಕೋತ್ಸವದ ‘ಆದಿವಾಸಿ ನೃತ್ಯ’ ಮತ್ತು ಪಕ್ಕದ ಹಟ್ಟಿಯ ಮಕ್ಕಳು

ಪ್ರಶ್ನೆ: ಕನ್ನಡ ಮೇಡಂ, ಶಿರಾ

ನಾನು ಶಿರಾ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮಲ್ಲಿಗೆ ಸುತ್ತಲಿನ ಹಟ್ಟಿಗಳಿಂದ ಬರುವ ಕಾಡುಗೊಲ್ಲರ ಮಕ್ಕಳಿದ್ದಾರೆ, ನಾಯಕ ಸಮುದಾಯದ ಮಕ್ಕಳೂ ಇದ್ದಾರೆ. ಈ ಸಲದ ವಾರ್ಷಿಕೋತ್ಸವಕ್ಕೆಂದು ಪೇಟೆಯಿಂದ ಕರೆಸಿರುವ ನೃತ್ಯ ಶಿಕ್ಷಕರು ‘ಆದಿವಾಸಿ ನೃತ್ಯ’ವೊಂದನ್ನು ಕಲಿಸುತ್ತಿದ್ದಾರೆ. ಮಕ್ಕಳ ಮುಖಕ್ಕೆ ಕಪ್ಪು ಬಣ್ಣ, ಸೊಂಟಕ್ಕೆ ಪ್ಲಾಸ್ಟಿಕ್ ಎಲೆ, ತಲೆಗೆ ಕೋಳಿಪುಕ್ಕ, ಕೈಗೆ ಥರ್ಮಾಕೋಲಿನ ಈಟಿ. ಹಾಡಿನ ನಡುವೆ ಯಾವ ಭಾಷೆಗೂ ಸೇರದ ಒಂದು ಕೂಗು. ತಾಲೀಮು ನೋಡುತ್ತ ಕುಳಿತಿದ್ದಾಗ ಹಟ್ಟಿಯ ಹುಡುಗಿಯೊಬ್ಬಳು ಮೊದಲ ಸಾಲಿನಲ್ಲಿಯೇ ನಿಂತು ಆ ಕೂಗನ್ನು ಉತ್ಸಾಹದಿಂದ ಕಲಿಯುತ್ತಿರುವುದನ್ನು ಕಂಡು ನನಗೆ ಕಸಿವಿಸಿಯಾಯಿತು. ಮುಖ್ಯೋಪಾಧ್ಯಾಯರನ್ನು ಕೇಳಿದರೆ, ಎಲ್ಲ ಶಾಲೆಗಳಲ್ಲಿಯೂ ಇದು ನಡೆಯುತ್ತದೆ, ಇದುವರೆಗೆ ಯಾವ ಪೋಷಕರೂ ಆಕ್ಷೇಪಿಸಿಲ್ಲ ಎಂದರು.

ನನ್ನ ಕಸಿವಿಸಿ ಅತಿಯಾಯಿತೇ? ಅತಿಯಲ್ಲವಾದರೆ ಆ ಜಾಗದಲ್ಲಿ ಏನನ್ನು ಆಡಿಸಬಹುದು? ಸಹೋದ್ಯೋಗಿಯೊಬ್ಬರು ಕಾಡುಗೊಲ್ಲರು ಆರಾಧಿಸುವ ಜುಂಜಪ್ಪನ ಕಥೆಯನ್ನು ನೃತ್ಯರೂಪಕ ಮಾಡೋಣ ಎನ್ನುತ್ತಿದ್ದಾರೆ. ಅದಾದರೂ ಸರಿಯೇ ಎಂದು ತಿಳಿದವರು ಹೇಳಬೇಕು.

ಉತ್ತರ 1: ಹಟ್ಟಿಯವನು, ಚಿಕ್ಕನಾಯಕನಹಳ್ಳಿ ಕಡೆ

ಮೇಡಂ, ಅತಿಯಾಗಿಲ್ಲ. ಪೋಷಕರು ಆಕ್ಷೇಪಿಸದಿರುವುದಕ್ಕೆ ಕಾರಣ ಸರಳವಾಗಿದೆ: ಆ ಎಲೆ ಉಟ್ಟವರು ತಾವೆಂದು ನಮ್ಮವರಿಗೆ ಅನ್ನಿಸುವುದೇ ಇಲ್ಲ. ನಮ್ಮಲ್ಲಿ ಯಾರೂ ಎಲೆ ಉಟ್ಟವರಲ್ಲ. ಕಂಬಳಿ ಹೊದ್ದು ಕುರಿ, ದನ ಕಾದವರು.

ಪತ್ರಿಕೆ, ಟಿವಿಗಳಲ್ಲಿ ನಾವು ಕಾಣಿಸಿಕೊಳ್ಳುವುದು ಮೂರು ಸಂದರ್ಭಗಳಲ್ಲಿ. ಸೂತಕದ ಹೆಸರಿನಲ್ಲಿ ಬಾಣಂತಿಯನ್ನು ಹಟ್ಟಿಯ ಹೊರಗಿಟ್ಟಾಗ ‘ಮೌಢ್ಯ’ದ ಸುದ್ದಿಯಾಗುತ್ತೇವೆ, ಜಾತ್ರೆ ಬಂದಾಗ ‘ಜಾನಪದ ಸೊಗಡು’ ಆಗುತ್ತೇವೆ, ಚುನಾವಣೆ ಬಂದಾಗ ಮತಗಳ ಲೆಕ್ಕವಾಗುತ್ತೇವೆ. 2020ರ ಶಿರಾ ಉಪಚುನಾವಣೆಯ ಹೊತ್ತಿಗೆ ಕಾಡುಗೊಲ್ಲ ಅಭಿವೃದ್ಧಿ ನಿಗಮದ ಘೋಷಣೆಯಾದಾಗ ನಮ್ಮ ಹಟ್ಟಿಗಳಿಗೆ ಬಂದಷ್ಟು ಕ್ಯಾಮೆರಾಗಳು ಅದಕ್ಕೂ ಮೊದಲು ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಇವುಗಳ ನಡುವಿನ ದಿನಗಳಲ್ಲಿ ನಾವು ಶೇಂಗಾ ಬೆಳೆಯುತ್ತೇವೆ, ಬೆಂಗಳೂರಿನಲ್ಲಿ ಆಟೊ ಓಡಿಸುತ್ತೇವೆ, ಬಿ.ಇಡಿ. ಓದುತ್ತೇವೆ, ಅದು ಯಾರ ಕಥೆಗೂ ಒದಗುವುದಿಲ್ಲ.

ಇದರಲ್ಲಿ ಇನ್ನೊಂದು ಸಿಕ್ಕು ಇದೆ, ಅದನ್ನು ಹೊರಗಿನವರು ಗಮನಿಸುವುದು ಕಡಿಮೆ. ನಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ಬಹಳ ಹಳೆಯದು. ಆ ಪಟ್ಟಿಗೆ ಸೇರಿಸಲು ಇಂದಿಗೂ ಬಳಕೆಯಲ್ಲಿರುವ ಅಳತೆಗೋಲು 1965ರ ಲೋಕೂರ್ ಸಮಿತಿಯದು: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಅಂದರೆ ಒಂದು ಕಡತದಲ್ಲಿ ನಾವು ಆದಿಮರೆಂದು ಸಾಬೀತು ಮಾಡಬೇಕು, ಅದೇ ವಾರದ ಟಿವಿ ಚರ್ಚೆಯಲ್ಲಿ ಆದಿಮರಾಗಿ ಉಳಿದದ್ದಕ್ಕೆ ಬೈಸಿಕೊಳ್ಳಬೇಕು. ನಮ್ಮ ಹಿರಿಯರಲ್ಲಿ ಕೆಲವರು ಅಧ್ಯಯನಕ್ಕೆ ಬಂದವರ ಮುಂದೆ ಹಳೆಯ ಆಚರಣೆಗಳನ್ನೇ ಒತ್ತಿ ಹೇಳುವುದಕ್ಕೂ, ನಮ್ಮ ಹುಡುಗರಲ್ಲಿ ಕೆಲವರು ಕಾಲೇಜಿನಲ್ಲಿ ಹಟ್ಟಿಯ ಹೆಸರನ್ನೇ ಹೇಳದಿರುವುದಕ್ಕೂ ಇದೇ ಕಾರಣವೆಂದು ನನಗನ್ನಿಸುತ್ತದೆ.

ಜುಂಜಪ್ಪನ ವಿಷಯದಲ್ಲಿ ದಯವಿಟ್ಟು ಅವಸರ ಬೇಡ. ಜುಂಜಪ್ಪ ನಮಗೆ ಕಥಾನಾಯಕನಾಗುವುದಕ್ಕಿಂತ ಮೊದಲು ದೇವರು. ಅವನನ್ನೂ ಅವನ ಹೋರಿ ಬಡಮೈಲನನ್ನೂ ಹಾಡುವುದು ಗಣೆಯ ಜೊತೆಗೆ. ನಮ್ಮ ಹಟ್ಟಿಯಲ್ಲಿ ಆ ಉದ್ದನೆಯ ಬಿದಿರಿನ ಕೊಳಲನ್ನು ಗುಡಿಯಲ್ಲಿಟ್ಟಿರುತ್ತಾರೆ. ನುಡಿಸುವವರು ಮಿಂದು, ಕೈಮುಗಿದು ತೆಗೆದುಕೊಳ್ಳುತ್ತಾರೆ. ಹಾವು ಚೇಳು ಕಚ್ಚಿದಾಗ ಇಂದಿಗೂ ಅವನ ಹೆಸರು ಹೇಳುವ ಮುದುಕರಿದ್ದಾರೆ (ಆಸ್ಪತ್ರೆಗೂ ಕರೆದೊಯ್ಯುತ್ತಾರೆ, ಅದನ್ನೂ ಬರೆಯಿರಿ). ಧ್ವನಿಮುದ್ರಿತ ಹಾಡಿಗೆ ಐದು ನಿಮಿಷದಲ್ಲಿ ಅವನನ್ನು ಕುಣಿಸಿ ಮುಗಿಸಿದರೆ ಪ್ಲಾಸ್ಟಿಕ್ ಎಲೆಗೂ ಅದಕ್ಕೂ ಹೆಚ್ಚು ಅಂತರ ಉಳಿಯುವುದಿಲ್ಲ.

ಉತ್ತರ 2: ಮಾಜಿ ವರದಿಗಾರ, ತುಮಕೂರು

ಮೇಲಿನವರ ಮಾತಿನಲ್ಲಿ ಬಹುಪಾಲನ್ನು ಒಪ್ಪುತ್ತೇನೆ, ಒಂದನ್ನು ಮಾತ್ರ ಒಪ್ಪಲಾರೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರ ಹೊರಗೆ, ಮಳೆಗಾಲದಲ್ಲಿ, ಗುಡಿಸಲಿನಲ್ಲಿ ಬಾಣಂತಿಯೊಡನೆ ಇದ್ದ ಹಸುಗೂಸು ತೀರಿಕೊಂಡಿತು. ಅದನ್ನು ಬರೆಯದೆ ಬಿಡಲು ಯಾವ ಪತ್ರಕರ್ತನಿಗೂ ಹಕ್ಕಿಲ್ಲ. ಮುಟ್ಟಾದ ಹೆಣ್ಣನ್ನು, ಹೆತ್ತ ಹೆಣ್ಣನ್ನು ಊರ ಹೊರಗಿಡುವುದು ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆಯ ಪ್ರಕಾರ ಅಪರಾಧವಾಗಿದೆ. ‘ನಮ್ಮನ್ನು ಹೀಗೆ ತೋರಿಸಬೇಡಿ’ ಎಂಬ ಮಾತು ಆ ತಾಯಿಯ ಬಾಯಿಯನ್ನೂ ಮುಚ್ಚಿಸಿಬಿಡುವ ಅಪಾಯವಿದೆ.

ಆದರೆ ನಾವು ಬರೆದ ರೀತಿಯನ್ನು ಸಮರ್ಥಿಸಲು ನನ್ನಿಂದಾಗದು. ಸುದ್ದಿಮನೆಯ ನಡವಳಿಕೆ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ: ಹಟ್ಟಿಯ ಯಜಮಾನನ ಮಾತು, ತಹಶೀಲ್ದಾರರ ಮಾತು, ಆರೋಗ್ಯ ಇಲಾಖೆಯ ಮಾತು ಪಡೆದ ಮೇಲೆ ವರದಿ ಪೂರ್ತಿಯಾಯಿತೆಂದು ಭಾವಿಸುತ್ತೇವೆ. ಹಟ್ಟಿಯೊಳಗೇ ಆ ಪದ್ಧತಿಯೊಡನೆ ಜಗಳವಾಡುತ್ತಿರುವ ಸೊಸೆಯಂದಿರು, ಆಶಾ ಕಾರ್ಯಕರ್ತೆಯರು, ಓದಿದ ಹುಡುಗಿಯರು ಸುದ್ದಿಗೆ ಬರುವುದೇ ಇಲ್ಲ. ಹೊರಗಿಟ್ಟ ಹೆಂಗಸರಿಗೆ ನೆರಳಾಗಲೆಂದು ಸರ್ಕಾರವೇ ‘ಕೃಷ್ಣ ಕುಟೀರ’ಗಳನ್ನು ಕಟ್ಟಿಸಿತು. ಹೊರಗಿಡುವ ಪದ್ಧತಿಗೆ ಸಿಮೆಂಟಿನ ಗೋಡೆ ಕಟ್ಟಿಕೊಟ್ಟಂತಾಯಿತಲ್ಲವೇ ಎಂದು ಕೇಳಿದ ವರದಿಗಳಿಗಿಂತ ಉದ್ಘಾಟನೆಯ ಫೋಟೊಗಳೇ ಹೆಚ್ಚು ಅಚ್ಚಾದವು.

ಫೋಟೊ ಎಂದಾಗ ಇನ್ನೊಂದು ನೆನಪಾಯಿತು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿಯಲ್ಲಿ ಕ್ಯಾತೇದೇವರ ಜಾತ್ರೆ ನಡೆಯುತ್ತದೆ. ಬಾರೆ, ಕಳ್ಳೆಯ ಮುಳ್ಳುಗಳನ್ನೇ ಒಟ್ಟಿ ಎತ್ತರದ ಗುಡಿ ಕಟ್ಟಿರುತ್ತಾರೆ. ಕಾಡುಗೊಲ್ಲರ ಗಂಡಸರು ಬರಿಗಾಲಿನಲ್ಲಿ ಆ ಮುಳ್ಳನ್ನೇರಿ ತುದಿಯ ಕಳಸ ಕೀಳುತ್ತಾರೆ. ಆ ಚಿತ್ರ ಎಲ್ಲ ಪತ್ರಿಕೆಗಳಲ್ಲಿಯೂ ಬರುತ್ತದೆ, ಅಡಿಬರಹದಲ್ಲಿ ‘ಭಕ್ತರು’ ಎಂದಿರುತ್ತದೆ. ಕಳಸ ಕಿತ್ತವನ ಹೆಸರು, ಮುಳ್ಳು ಕಡಿದು ತಂದ ಹಟ್ಟಿಯ ಹೆಸರು, ಗುಡಿಯನ್ನು ಯಾವ ಕ್ರಮದಲ್ಲಿ ಕಟ್ಟುತ್ತಾರೆಂಬ ವಿವರ ಯಾವುದೂ ಇರುವುದಿಲ್ಲ. ಅದೇ ಪುಟದ ಕ್ರಿಕೆಟ್ ಚಿತ್ರದಲ್ಲಿ ಕ್ಷೇತ್ರರಕ್ಷಕನ ಹೆಸರೂ ಇರುತ್ತದೆ.

ಉತ್ತರ 3: ರಂಗಾಸಕ್ತ, ಕೋಲಾರ

ಎಲೆ ಉಡುಪು ಎಲ್ಲಿಂದ ಬಂತೆಂದು ಹುಡುಕಲು ಕಾಡಿಗೆ ಹೋಗಬೇಕಾಗಿಲ್ಲ, ಚಿತ್ರಮಂದಿರಕ್ಕೆ ಹೋದರೆ ಸಾಕು. ಹಳೆಯ ಭಾರತೀಯ ಚಿತ್ರಗಳಲ್ಲಿ ನಾಯಕನನ್ನು ಕಂಬಕ್ಕೆ ಕಟ್ಟಿ ಸುತ್ತ ಕುಣಿಯುವ ಗುಂಪಿಗೆ ವಸ್ತ್ರ ವಿನ್ಯಾಸಕಾರರು ಕೊಟ್ಟ ವೇಷವದು. ಅದರ ಪಕ್ಕದಲ್ಲಿ ಇನ್ನೊಂದು ಸೌಮ್ಯವಾದ ಅಚ್ಚು ಇದೆ. ರಾಜಕುಮಾರ್ ನಾಯಕರಾಗಿ ಬಂದ ಮೊದಲ ಚಿತ್ರ, 1954ರ ‘ಬೇಡರ ಕಣ್ಣಪ್ಪ’. ಅಲ್ಲಿ ಬೇಡ ದೇವರಿಗೆ ತನ್ನ ಕಣ್ಣನ್ನೇ ಕಿತ್ತುಕೊಡುವ ಮುಗ್ಧ ಭಕ್ತ. ಕಥೆಯ ಹಿರಿಮೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕಾಡಿನವನು ಒಂದೋ ಕ್ರೂರಿ ಇಲ್ಲವೇ ಮುಗ್ಧ ಎಂಬ ಎರಡೇ ಪಾತ್ರಗಳಲ್ಲಿ ನಮ್ಮ ರಂಗಭೂಮಿ ಮತ್ತು ಸಿನಿಮಾ ಬಹಳ ವರ್ಷ ಕಾಲ ತಳ್ಳಿದವು. ಜಾಣ, ಜಿಪುಣ, ತಮಾಷೆಗಾರ, ಮರೆಗುಳಿ ಆಗುವ ಅವಕಾಶ ಅವನಿಗೆ ಸಿಗಲಿಲ್ಲ.

ಒಳ್ಳೆಯ ಉದ್ದೇಶದ ಚಿತ್ರಗಳಲ್ಲಿಯೂ ಎಡವಟ್ಟಾಗುತ್ತದೆ. 2021ರ ತಮಿಳು ಚಿತ್ರ ‘ಜೈ ಭೀಮ್’ ಕನ್ನಡದ ಧ್ವನಿಯಲ್ಲಿಯೂ ಬಂತು, ಇಲ್ಲಿ ನಾವೆಲ್ಲ ನೋಡಿ ಚರ್ಚಿಸಿದೆವು. ಅದಕ್ಕೆ ಆಧಾರವಾದದ್ದು 1993ರಲ್ಲಿ ತಮಿಳುನಾಡಿನ ಪೊಲೀಸ್ ವಶದಲ್ಲಿ ನಡೆದ ಸಾವು. ನಿಜದಲ್ಲಿ ಸತ್ತವರು ಕುರವ ಸಮುದಾಯದವರು, ಪರದೆಯ ಮೇಲೆ ಇರುಳರಾದರು. ಇರುಳರ ಕಷ್ಟವೂ ನಿಜವೇ. ಆದರೂ 1871ರ ಬ್ರಿಟಿಷ್ ಕಾಯ್ದೆ ಇಡೀ ಸಮುದಾಯಗಳಿಗೆ ‘ಅಪರಾಧಿ’ ಎಂದು ಹಚ್ಚಿದ ಕಳಂಕವನ್ನು, 1952ರಲ್ಲಿ ಅದು ರದ್ದಾದ ಮೇಲೂ, ಹೊತ್ತು ತಿರುಗಿದವರ ಕಥೆ ಅವರ ಹೆಸರಿನಲ್ಲಿಯೇ ಬರಬೇಕಿತ್ತು. ನಮ್ಮ ಕಡೆಯ ಕೊರಚ, ಕೊರಮ ಕುಟುಂಬಗಳ ಹಿರಿಯರನ್ನು ಕೇಳಿದರೆ ಊರಿನಲ್ಲಿ ಕಳ್ಳತನವಾದಾಗ ಪೊಲೀಸರು ಮೊದಲು ಯಾರ ಬಾಗಿಲು ತಟ್ಟುತ್ತಿದ್ದರೆಂದು ಹೇಳುತ್ತಾರೆ.

ಮೇಡಂ ಅವರ ಎರಡನೆಯ ಪ್ರಶ್ನೆಗೆ ನನ್ನ ಸಲಹೆ ಇಷ್ಟು. ಕೋಲಾರದ ತೇರಹಳ್ಳಿ ಬೆಟ್ಟದ ‘ಆದಿಮ’ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹಾಡಿನ ರಾತ್ರಿಗಳಿಗೆ ಹೋದವರಿಗೆ ಗೊತ್ತಿರುತ್ತದೆ, ಹಾಡು ಕೇಳುವವರೂ ಹಾಡುವವರೂ ಒಂದೇ ನೆಲದ ಮೇಲೆ ಕುಳಿತಾಗ ಪ್ರದರ್ಶನದ ಧಾಟಿಯೇ ಬದಲಾಗುತ್ತದೆ. ಶಾಲೆಯ ವೇದಿಕೆಯಲ್ಲಿ ಅದು ಕಷ್ಟ. ಆದರೆ ಮಕ್ಕಳೇ ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡ ಒಂದು ಪ್ರಸಂಗವನ್ನು, ಇಂದಿನ ಬಟ್ಟೆಯಲ್ಲಿಯೇ, ಅವರದೇ ಮಾತಿನಲ್ಲಿ ಆಡಿಸಬಹುದು. ಕುರಿ ಕಳೆದುಹೋದದ್ದು, ಬಸ್ಸು ನಿಲ್ಲಿಸದೆ ಹೋದದ್ದು ಕೂಡ ನಾಟಕವಾಗುತ್ತದೆ.

ಪ್ರಶ್ನೆ ಕೇಳಿದವರು: ಕನ್ನಡ ಮೇಡಂ, ಶಿರಾ

ಎಲ್ಲರಿಗೂ ವಂದನೆಗಳು. ಕಪ್ಪು ಬಣ್ಣವನ್ನೂ ಎಲೆಯನ್ನೂ ಕೈಬಿಡಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ; ನೃತ್ಯ ಶಿಕ್ಷಕರಿಗೆ ಮುಂಗಡ ಕೊಟ್ಟಾಗಿರುವುದರಿಂದ ಅವರಿಂದ ಕೋಲಾಟ ಕಲಿಸಬೇಕೆಂದು ತೀರ್ಮಾನವಾಗಿದೆ. ಜುಂಜಪ್ಪನ ರೂಪಕವನ್ನು ಬಿಟ್ಟಿದ್ದೇವೆ. ಮಕ್ಕಳಿಗೆ ಮನೆಯಲ್ಲಿ ಕೇಳಿ ಬರೆದುಕೊಂಡು ಬರಲು ಹೇಳಿದ್ದೇನೆ. ಮೊದಲ ಸಾಲಿನ ಆ ಹುಡುಗಿ ತಂದದ್ದು ಅಜ್ಜಿಯ ಹೆರಿಗೆಯ ಕಥೆ, ಹಟ್ಟಿಯ ಹೊರಗಿನ ಗುಡಿಸಲಿನದು. ಅದನ್ನು ವೇದಿಕೆಗೆ ತರಬೇಕೋ ಬೇಡವೋ ತಿಳಿಯುತ್ತಿಲ್ಲ.

ಉತ್ತರ 4: ಹಟ್ಟಿಯವನು, ಚಿಕ್ಕನಾಯಕನಹಳ್ಳಿ ಕಡೆ

ಆ ನಿರ್ಧಾರವನ್ನು ನಾನೂ ಮಾಡಲಾರೆ, ಶಾಲೆಯೂ ಮಾಡಬಾರದು. ಅಜ್ಜಿಯನ್ನು ಕೇಳಿ. ಯಜಮಾನರ ಮೂಲಕ ಕೇಳಿಸಬೇಡಿ, ನೀವೇ ಹೋಗಿ. ಸಂಜೆ ಕುರಿಗಳನ್ನು ರೊಪ್ಪಕ್ಕೆ ಕೂಡುವ ಹೊತ್ತು ಬೇಡ, ಮಧ್ಯಾಹ್ನ ಹೋದರೆ ಕುಳಿತು ಮಾತಾಡುತ್ತಾರೆ. ಒಪ್ಪಿದರೆ ಅಜ್ಜಿಯ ಪಾತ್ರವನ್ನು ಮೊಮ್ಮಗಳೇ ಮಾಡಲಿ, ವರದಿಗಾರರು ಬಂದರೆ ಮೊದಲು ಅವಳೊಡನೆ ಮಾತಾಡಲಿ.