ಸಮಿತಿ ಮಾಡುವ ‘ಪರಿಶೀಲನೆ’ಗೆ ಬೇರೆ ಪದ ಬೇಕಲ್ಲವೇ?

ನಮಸ್ಕಾರ. ವೃದ್ಧಾಪ್ಯ ವೇತನ, ವಿಧವಾ ವೇತನ ಮುಂತಾದವುಗಳಿಗೆ ಕೇಂದ್ರ ಸರ್ಕಾರ ತೆಗೆದಿಡುವ ಹಣವನ್ನು ಸಂಸತ್ತಿನ ಸಮಿತಿಗಳು ಹೇಗೆ ಪರೀಕ್ಷಿಸುತ್ತವೆ ಎಂಬ ಬಗ್ಗೆ ಕುಮಟಾದ ನಮ್ಮ ಓದುಬಳಗದ ಕಿರುಹೊತ್ತಿಗೆಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ವಿಷಯಕ್ಕಿಂತ ಪದಗಳೇ ನನ್ನನ್ನು ಹೆಚ್ಚು ಕಾಡಿದವು. ಇಂಗ್ಲಿಷಿನ ‘ಸ್ಕ್ರೂಟಿನಿ’ ಕಂಡಲ್ಲೆಲ್ಲ ನಾವು ಕಣ್ಣುಮುಚ್ಚಿ ‘ಪರಿಶೀಲನೆ’ ಎಂದು ಬರೆಯುತ್ತೇವೆ. ಈ ಸಂದರ್ಭದಲ್ಲಿ ಅದು ಸಲ್ಲುವುದಿಲ್ಲ ಎಂದು ನನಗೆ ತೋರುತ್ತಿದೆ, ಆದರೆ ಅದರ ಜಾಗಕ್ಕೆ ಏನನ್ನು ತರಬೇಕೆಂಬುದು ಖಚಿತವಾಗುತ್ತಿಲ್ಲ.

ಅನುಮಾನ ಹುಟ್ಟಿದ್ದು ನಿಘಂಟಿನಿಂದಲ್ಲ. ನಮ್ಮ ಕೇರಿಯ ಅಜ್ಜಿಯೊಬ್ಬರು ಪಿಂಚಣಿಗೆ ಅರ್ಜಿ ಕೊಟ್ಟಿದ್ದರು. ಕೆಲವು ತಿಂಗಳ ನಂತರ ಕಚೇರಿಯೊಂದರಿಂದ ಹಿಂಬರಹ ಬಂತು. ಓದಿ ಹೇಳೆಂದು ನನ್ನ ಬಳಿ ತಂದರು. ‘ತಮ್ಮ ಅರ್ಜಿಯು ಪರಿಶೀಲನೆಯಲ್ಲಿರುತ್ತದೆ’ ಎಂಬ ಒಂದೇ ಸಾಲು ಅದರಲ್ಲಿತ್ತು. ನಾನು ಓದಿ ಮುಗಿಸುವಷ್ಟರಲ್ಲಿ ಅಜ್ಜಿ ಕಾಗದವನ್ನು ಕೈಯಿಂದ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ, ಎಲೆಯಡಿಕೆ ಸಂಚಿಗೆ ತುರುಕಿಕೊಂಡು, “ಹಾಂಗಾರೆ ಆಗೂದಿಲ್ಲ ಅಂದಾಂಗೇ ಆಯ್ತು” ಎಂದರು. ಅವರ ಅರ್ಥೈಸುವಿಕೆಯಲ್ಲಿ ತಪ್ಪೇನೂ ಇಲ್ಲ. ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಎಂಬ ಮಾತನ್ನು ಕೇಳಿ ಕೇಳಿ ನಮ್ಮ ಜನಕ್ಕೆ ಆ ಪದದ ಅರ್ಥವೇ ‘ಕಡತ ಮಲಗಿದೆ’ ಎಂದಾಗಿಬಿಟ್ಟಿದೆ. ಸಂಸ್ಕೃತದಲ್ಲಿ ಪರಿಶೀಲನವೆಂದರೆ ಬಿಡದೆ ಒಡನಾಡುವುದು, ಸತತವಾಗಿ ಅಭ್ಯಾಸ ಮಾಡುವುದು. ಅಂಥ ಪದ ಕಚೇರಿಯ ಮೇಜಿನ ಮೇಲೆ ನಿದ್ದೆಯ ಪರ್ಯಾಯವಾದದ್ದು ವಿಪರ್ಯಾಸವೇ ಸರಿ. ಇದೇ ಓದುಗರ ಮುಂದೆ ‘ವೃದ್ಧಾಪ್ಯ ವೇತನದ ಅನುದಾನವು ಸಂಸದೀಯ ಸಮಿತಿಯ ಪರಿಶೀಲನೆಯಲ್ಲಿದೆ’ ಎಂದು ಬರೆದರೆ ಅವರು ಏನೆಂದುಕೊಳ್ಳುತ್ತಾರೆ ಎಂಬುದನ್ನು ಊಹಿಸಬಹುದು.

ಸಮಿತಿ ಮಾಡುವ ಕೆಲಸವಾದರೋ ಇದಕ್ಕೆ ತೀರ ಬೇರೆ. ಇಲಾಖೆಗಳಿಗೆ ಸಂಬಂಧಿಸಿದ ಸ್ಥಾಯಿ ಸಮಿತಿಗಳು 1993ರಲ್ಲಿ ಹದಿನೇಳಿದ್ದವು, 2004ರಲ್ಲಿ ಇಪ್ಪತ್ನಾಲ್ಕಾದವು. ಒಂದೊಂದರಲ್ಲೂ ಲೋಕಸಭೆಯ 21 ಮತ್ತು ರಾಜ್ಯಸಭೆಯ 10, ಒಟ್ಟು 31 ಸದಸ್ಯರಿರುತ್ತಾರೆ. ಬಜೆಟ್ ಮೇಲಿನ ಸಾಮಾನ್ಯ ಚರ್ಚೆ ಮುಗಿದ ಮೇಲೆ ಸದನಗಳು ಕೆಲವು ದಿನ ವಿರಾಮ ಪಡೆಯುತ್ತವೆ. ಆ ಬಿಡುವಿನಲ್ಲಿ ಈ ಸಮಿತಿಗಳು ಒಂದೊಂದು ಸಚಿವಾಲಯದ ಲೆಕ್ಕವನ್ನೂ ಬಿಚ್ಚಿ ಕೂರುತ್ತವೆ. ಅಧಿಕಾರಿಗಳನ್ನು ಕರೆಸಿ ಮೌಖಿಕ ಸಾಕ್ಷ್ಯ ಪಡೆಯುತ್ತವೆ. ಕಳೆದ ವರ್ಷದ ಆಯವ್ಯಯ ಅಂದಾಜು, ಪರಿಷ್ಕೃತ ಅಂದಾಜು, ನಿಜವಾಗಿ ಆದ ಖರ್ಚು ಇವುಗಳನ್ನು ಅಕ್ಕಪಕ್ಕ ಇಟ್ಟು, ಹಣ ಉಳಿದದ್ದೇಕೆ, ಸಾಲದೆ ಹೋದದ್ದೇಕೆ ಎಂದು ಕೇಳುತ್ತವೆ. ಸಾಮಾಜಿಕ ಭದ್ರತೆಯ ಹಣವೆಲ್ಲ ಒಂದೇ ಸಮಿತಿಯ ಮುಂದೆ ಬರುವುದಿಲ್ಲ ಎಂಬುದನ್ನೂ ಗಮನಿಸಬೇಕು. ವೃದ್ಧಾಪ್ಯ ವೇತನ, ವಿಧವಾ ವೇತನಗಳಿಗೆ ಕೇಂದ್ರದ ಪಾಲು ಕೊಡುವ, 1995ರ ಆಗಸ್ಟ್ 15ರಂದು ಆರಂಭವಾದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಗ್ರಾಮೀಣಾಭಿವೃದ್ಧಿ ಸಚಿವಾಲಯಕ್ಕೆ ಸೇರಿದ್ದರಿಂದ ಆ ಸಚಿವಾಲಯದ ಸಮಿತಿಗೆ ಹೋಗುತ್ತದೆ. ಅಂಗವಿಕಲರ ಸಬಲೀಕರಣದ ಹಣ ಸಾಮಾಜಿಕ ನ್ಯಾಯ ಸಮಿತಿಗೆ, ಕಾರ್ಮಿಕರದ್ದು ಮತ್ತೊಂದಕ್ಕೆ. ವೃದ್ಧಾಪ್ಯ ವೇತನದಲ್ಲಿ 60ರಿಂದ 79 ವರ್ಷದವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ, 80 ದಾಟಿದವರಿಗೆ 500 ರೂಪಾಯಿ. ಇದು ಏನೇನೂ ಸಾಲದೆಂದು ಗ್ರಾಮೀಣಾಭಿವೃದ್ಧಿ ಸಮಿತಿ ತನ್ನ ವರದಿಗಳಲ್ಲಿ ಮತ್ತೆ ಮತ್ತೆ ಹೇಳಿದೆ. ಹಾಗಿದ್ದೂ ಆ ಕಾರ್ಯಕ್ರಮಕ್ಕೆ 2024–25ರಲ್ಲಿ ಇಟ್ಟ ಮೊತ್ತವೂ 2025–26ರಲ್ಲಿ ಇಟ್ಟ ಮೊತ್ತವೂ ಒಂದೇ, 9,652 ಕೋಟಿ ರೂಪಾಯಿ.

ಹೀಗೆ ಕೆದಕುವ, ಹೋಲಿಸುವ, ಪಟ್ಟುಹಿಡಿದು ಕೇಳುವ ಕ್ರಿಯೆಗೆ ಒಂದು ಹೆಸರು ಬೇಕು. ನಾನು ತೂಗಿ ನೋಡಿದ ಪದಗಳಿವು. ‘ತಪಾಸಣೆ’ಯನ್ನು ಬೇಗ ಬಿಟ್ಟೆ, ಕಾರವಾರದವರಿಗೆ ತಪಾಸಣೆಯೆಂದರೆ ಮಾಜಾಳಿಯ ಗಡಿಯಲ್ಲಿ ಬಸ್ಸು ನಿಲ್ಲಿಸಿ ಚೀಲ ಬಿಚ್ಚಿಸುವುದು, ಅಷ್ಟೇ. ‘ಪರಿಶೋಧನೆ’ ಲೆಕ್ಕಪರಿಶೋಧಕರ ಸ್ವತ್ತಾಗಿದೆ, ಅದು ಖರ್ಚಾದ ಮೇಲಿನ ಕೆಲಸ. ‘ಪರಾಮರ್ಶೆ’ ಗಂಭೀರವಾಗಿದೆ, ಆದರೆ ನಮ್ಮ ಕಿವಿಗೆ ಪರಾಮರ್ಶನ ಗ್ರಂಥದ ನೆನಪು ತರುತ್ತದೆ, ಹಿಂದಿಯಲ್ಲಿ ಅದಕ್ಕೆ ಸಲಹೆ ಕೇಳುವುದೆಂಬ ಅರ್ಥವಿದೆ. ‘ಒರೆಗೆ ಹಚ್ಚುವುದು’ ಸೊಗಸಾಗಿದೆಯಾದರೂ ಒರೆಗಲ್ಲು ಚಿನ್ನದ ಶುದ್ಧಿಯನ್ನು ಹೇಳುತ್ತದೆಯೇ ಹೊರತು ಮದುವೆಗೆ ಸಾಕಾಗುವಷ್ಟು ಚಿನ್ನವಿದೆಯೇ ಎಂಬುದನ್ನು ಹೇಳುವುದಿಲ್ಲ. ಸಮಿತಿಗೆ ಈ ಎರಡನೆಯ ಪ್ರಶ್ನೆಯೇ ದೊಡ್ಡದು.

ಶಿರಸಿ ಸೀಮೆಯ ನೆಂಟರ ಮನೆಯಲ್ಲಿ ಚಾಲಿ ಅಡಿಕೆ ಆರಿಸುವುದನ್ನು ನೋಡುವಾಗ ‘ಆರಿಸಿ ನೋಡುವುದು’ ಎಂಬುದೇ ಸರಿಯಾದ ಮಾತೆಂದು ಒಮ್ಮೆ ಅನ್ನಿಸಿತ್ತು. ಸುಲಿದ ಅಡಿಕೆಯನ್ನು ಜಗುಲಿಯ ಮೇಲೆ ಹರವಿ, ಒಂದೊಂದನ್ನೂ ಬೆರಳ ತುದಿಯಲ್ಲಿ ತಿರುಗಿಸಿ, ಒಳ್ಳೆಯದನ್ನು ಚಾಲಿಗೆ, ಬಣ್ಣಗೆಟ್ಟದ್ದನ್ನು ಕೋಕಾ ಎಂಬ ಕೆಳದರ್ಜೆಗೆ ಎಂದು ಸರಿಸುವ ಆ ಕೈಗಳ ವೇಗ ನೋಡಿದವರಿಗೆ ‘ಸ್ಕ್ರೂಟಿನಿ’ಯನ್ನು ಬೇರೆ ವಿವರಿಸಬೇಕಿಲ್ಲ. ಲ್ಯಾಟಿನ್ನಿನಲ್ಲಿ ಆ ಪದದ ಮೂಲವೂ ಚಿಂದಿಬಟ್ಟೆಯ ರಾಶಿಯನ್ನು ಕೆದಕಿ ಹುಡುಕುವುದೇ ಆಗಿದೆಯಂತೆ. ಆದರೆ ಹೋಲಿಕೆ ಒಂದು ಕಡೆ ಮುರಿಯುತ್ತದೆ. ಅಡಿಕೆ ಆರಿಸುವವರಿಗೆ ಹಾಳಾದದ್ದನ್ನು ಬೇರೆ ಹಾಕುವ ಅಧಿಕಾರವಿದೆ, ಸಮಿತಿಗೆ ಇಲ್ಲ. ಕಡಿತ ಸೂಚನೆಯ, ಅಂದರೆ ಕೇಳಿದ ಮೊತ್ತವನ್ನು ಇಳಿಸಿರೆಂಬ ಸೂಚನೆಯ, ಸ್ವರೂಪದ ಯಾವುದನ್ನೂ ವರದಿಯಲ್ಲಿ ಸೂಚಿಸಬಾರದೆಂದು ಲೋಕಸಭೆಯ ನಿಯಮಗಳೇ ಹೇಳುತ್ತವೆ. ಅದು ಶಿಫಾರಸು ಮಾಡಬಹುದು, ಸರ್ಕಾರ ಮೂರು ತಿಂಗಳೊಳಗೆ ಕೈಗೊಂಡ ಕ್ರಮವನ್ನು ತಿಳಿಸಬೇಕು, ಅಲ್ಲಿಗೆ ಮುಗಿಯಿತು. ಇಷ್ಟರಿಂದ ಸಮಿತಿಯನ್ನು ಹಗುರವಾಗಿ ಎಣಿಸುವಂತಿಲ್ಲ. 2023ರ ಮಾರ್ಚಿನಲ್ಲಿ ಲೋಕಸಭೆ ಸುಮಾರು 45 ಲಕ್ಷ ಕೋಟಿ ರೂಪಾಯಿ ವೆಚ್ಚದ ಬಜೆಟ್ಟಿನ ಅನುದಾನ ಬೇಡಿಕೆಗಳನ್ನು ಚರ್ಚೆಯಿಲ್ಲದೆ ‘ಗಿಲೊಟಿನ್’ ಮೂಲಕ ಒಪ್ಪಿಕೊಂಡಿತು. ಅಂಥ ವರ್ಷದಲ್ಲಿ ಆ ಅಂಕಿಗಳನ್ನು ಸಂಸದರು ಒಂದೊಂದಾಗಿ ತಿರುಗಿಸಿ ನೋಡಿದ್ದಿದ್ದರೆ ಅದು ಸಮಿತಿಯ ಕೋಣೆಯಲ್ಲಿಯೇ.

ಸದ್ಯಕ್ಕೆ ನನ್ನ ಒಲವು ‘ಕೂಲಂಕಷ’ದ ಕಡೆಗಿದೆ. ಕೂಲವೆಂದರೆ ದಡ, ಕಷವೆಂದರೆ ಉಜ್ಜುವುದು. ಎರಡೂ ದಡಗಳನ್ನು ಉಜ್ಜುತ್ತ ಹರಿಯುವ ತುಂಬು ಹೊಳೆ ಎಂಬುದು ಅದರ ಮೂಲಾರ್ಥ. ಒರೆಗಲ್ಲಿಗೆ ಹೇಳುವ ‘ನಿಕಷ’ವೂ ಇದೇ ಧಾತುವಿನದು. ಆಷಾಢದ ಅಘನಾಶಿನಿಯನ್ನು ಕಂಡವರಿಗೆ ಈ ಪದ ಕಷ್ಟವೆನಿಸದು. (ಇದನ್ನು ‘ಕೂಲಂಕುಷ’ ಎಂದು ಬರೆಯುವ ಚಾಳಿ ಪತ್ರಿಕೆಗಳಿಗೂ ಅಂಟಿದೆ, ಅಂಕುಶಕ್ಕೂ ಇದಕ್ಕೂ ಸಂಬಂಧವಿಲ್ಲ.) ತೊಡಕೆಂದರೆ ಅದು ವಿಶೇಷಣ, ನಾಮಪದವಾಗಿ ನಿಲ್ಲುವುದಿಲ್ಲ. ‘ಕೂಲಂಕಷ ಪರಿಶೀಲನೆ’ ಎಂದು ಬರೆದರೆ ಬಿಟ್ಟ ಪದವೇ ಬಾಲವಾಗಿ ಮರಳಿ ಬರುತ್ತದೆ. ‘ಕೂಲಂಕಷ ವಿಚಾರಣೆ’ ಎಂದರೆ ಯಾರೋ ಆರೋಪಿ ಎಂದಾಗುತ್ತದೆ.

ಇದರ ಜೊತೆಗೆ ‘ಬೇಡಿಕೆ’ಯ ಗೊಂದಲವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಕರಡನ್ನು ಓದಿದ ಇಬ್ಬರು ಗೆಳೆಯರೂ ಇಲ್ಲಿಯೇ ಎಡವಿದರು. ಸಮಿತಿ ನೋಡುವುದು ‘ಅನುದಾನ ಬೇಡಿಕೆ’ಗಳನ್ನು. ಇದನ್ನು ಓದಿದವರು, ಫಲಾನುಭವಿಗಳು ಹೆಚ್ಚು ಹಣ ಕೊಡಿರೆಂದು ಮುಂದಿಟ್ಟ ಬೇಡಿಕೆಯೆಂದು ತಿಳಿದರು. ನಿಜದಲ್ಲಿ ಇಲ್ಲಿ ಬೇಡುವುದು ಸರ್ಕಾರ, ಕೊಡುವುದು ಸದನ; ಸಂವಿಧಾನದ 113ನೆಯ ವಿಧಿಯ ಏರ್ಪಾಡೇ ಅದು. ಇದು ಸಾಲದೆಂಬಂತೆ, ಅರ್ಹರಾದ ಎಷ್ಟು ಜನ ಬಂದರೂ ಕೊಡಲೇಬೇಕಾದ ವೆಚ್ಚಕ್ಕೂ ನಾವು ‘ಬೇಡಿಕೆ ಆಧಾರಿತ’ ಎನ್ನುತ್ತೇವೆ. ಉದ್ಯೋಗ ಖಾತರಿಯ ನಮೂನೆ 6ರಲ್ಲಿ ಕೆಲಸಕ್ಕೆ ಸಲ್ಲಿಸುತ್ತಿದ್ದುದೂ ಬೇಡಿಕೆಯೇ. ಹೋಲಿಕೆಗೆಂದು ನಾನು ತೆಗೆದುಕೊಂಡ ಸ್ಕಾಟ್ಲೆಂಡಿನ ಸಾಮಾಜಿಕ ಭದ್ರತೆಯ ಪಾವತಿಗಳು ಹೀಗೆ ಅರ್ಹರೆಲ್ಲರಿಗೂ ಕೊಡಲೇಬೇಕಾದ ಬಗೆಯವು. ನಮ್ಮ ರಾಷ್ಟ್ರೀಯ ನೆರವು ಕಾರ್ಯಕ್ರಮಕ್ಕಾದರೋ ರಾಜ್ಯವಾರು ಫಲಾನುಭವಿಗಳ ಸಂಖ್ಯೆಗೆ ಮಿತಿಯಿದೆ. ಎರಡನ್ನೂ ಒಂದೇ ಲೇಖನದಲ್ಲಿ ಹೋಲಿಸಲು ಹೊರಟರೆ ‘ಬೇಡಿಕೆ ಆಧಾರಿತವಲ್ಲದ ಅನುದಾನ ಬೇಡಿಕೆ’ ಎಂಬಂಥ ವಾಕ್ಯ ಹುಟ್ಟುತ್ತದೆ. ನಾನು ‘ಬೇಡಿಕೆ ಆಧಾರಿತ’ ವೆಚ್ಚಕ್ಕೆ ‘ಅರ್ಹತೆಯಂತೆ ಏರುವ ವೆಚ್ಚ’ ಎಂದು ಬರೆದಿದ್ದೇನೆ. ಉದ್ದವಾಯಿತು, ಆದರೆ ಅರ್ಥವಾಗುತ್ತದೆ.

ಅದೇ ಸ್ಕಾಟ್ಲೆಂಡಿನಲ್ಲಿ ಸಂಸತ್ತಿನ ಸಮಿತಿಗಳು ಬಜೆಟ್ ಪ್ರಕಟವಾಗುವುದಕ್ಕೆ ಕನಿಷ್ಠ ಆರು ವಾರ ಮೊದಲೇ ತಮ್ಮ ವರದಿ ಕೊಡುತ್ತವೆ. ಇದನ್ನು ‘ಬಜೆಟ್ ಪೂರ್ವಭಾವಿ’ ಎಂದರೆ ನಮ್ಮವರಿಗೆ ಮುಖ್ಯಮಂತ್ರಿಗಳು ಇಲಾಖೆಗಳ ಜೊತೆ ನಡೆಸುವ ಸಭೆ ನೆನಪಾಗುತ್ತದೆ. ‘ಬಜೆಟ್ಟಿಗೆ ಮುನ್ನಿನ’ ಎಂದು ಬಿಡಿಸಿ ಬರೆಯುವುದೇ ವಾಸಿ.

ಕೊನೆಯದು ‘ಸೋಷಿಯಲ್ ಕೇರ್’, ಅಂದರೆ ತಮ್ಮ ಕೆಲಸ ತಾವೇ ಮಾಡಿಕೊಳ್ಳಲಾಗದ ಹಿರಿಯರಿಗೆ, ಅಂಗವಿಕಲರಿಗೆ ದಿನನಿತ್ಯ ಬೇಕಾಗುವ ನೆರವು. ‘ಸಾಮಾಜಿಕ ಆರೈಕೆ’ ಎಂದು ಬರೆದು ಅಜ್ಜಿಯ ಸೊಸೆಗೆ ಓದಿ ಹೇಳಿದಾಗ ಅವರು ಬಾಣಂತಿಯ ವಿಷಯವೇ ಎಂದು ಕೇಳಿದರು. ‘ಶುಶ್ರೂಷೆ’ಯ ಮೂಲಾರ್ಥ ಕೇಳಿಸಿಕೊಳ್ಳುವ ಬಯಕೆ, ಸುಂದರವಾದದ್ದು, ಆದರೆ ಅದೀಗ ಆಸ್ಪತ್ರೆ ಸೇರಿದೆ. ನಮ್ಮ ಕಡೆ ಹಾಸಿಗೆ ಹಿಡಿದ ಹಿರಿಯರ ‘ಚಾಕರಿ ಮಾಡಿದಳು’ ಎನ್ನುತ್ತಾರೆ, ಅದರಲ್ಲಿ ದುಡಿತವಿದೆ, ಗೌರವ ಕಡಿಮೆ. ಎಲ್ಲರೂ ದಿನವೂ ಆಡುವ ಮಾತು ‘ನೋಡಿಕೊಳ್ಳುವುದು’: “ಅವರನ್ನು ಯಾರು ನೋಡಿಕೊಳ್ತಾರೆ?” ಇಲ್ಲಿ ನನಗೊಂದು ಬೆರಗು. ಸಮಿತಿ ಮಾಡುವುದು ನೋಡುವುದು, ಸೊಸೆ ಮಾಡುವುದು ನೋಡಿಕೊಳ್ಳುವುದು. ‘ಕೊಳ್ಳು’ ಸೇರಿದೊಡನೆ ದೂರದಲ್ಲಿದ್ದ ಕಣ್ಣು ಕೈಯಾಗುತ್ತದೆ. ಲೇಖನದ ಎರಡು ಮುಖ್ಯ ಪದಗಳೂ ಒಂದೇ ಧಾತುವಿನಿಂದ ಸಿಗುವುದಾದರೆ ‘ಹಿರಿಯರನ್ನು ನೋಡಿಕೊಳ್ಳುವ ಹಣವನ್ನು ಸಮಿತಿ ಹೇಗೆ ನೋಡುತ್ತದೆ’ ಎಂಬ ಶೀರ್ಷಿಕೆಯನ್ನೇ ಇಡಬಹುದು. ಆದರೆ ಒಳಗಿನ ವಾಕ್ಯಗಳಲ್ಲಿ ಬರೀ ‘ನೋಟ’ ತೆಳುವಾಗುತ್ತದೆ.

ಹಾಗಾಗಿ ನನ್ನ ಕೇಳಿಕೆ ಇಷ್ಟು. ಬೇರೆಯವರು ಒಪ್ಪಿಸಿದ ಲೆಕ್ಕವನ್ನು ಎದುರಿಗೆ ಕೂರಿಸಿ ಸಾಲುಸಾಲಾಗಿ ಕೇಳುವುದಕ್ಕೆ, ಆದರೆ ತೀರ್ಪು ಕೊಡದಿರುವುದಕ್ಕೆ, ನಿಮ್ಮ ಊರಿನ ದೇವಸ್ಥಾನದ ಲೆಕ್ಕದ ದಿನವೋ ಸೊಸೈಟಿಯ ವಾರ್ಷಿಕ ಸಭೆಯಲ್ಲೋ ಬಳಸುವ ಮಾತು ಯಾವುದಾದರೂ ಇದೆಯೇ? ಇದ್ದರೆ ಆ ಮಾತು ಬಂದ ಪೂರ್ತಿ ವಾಕ್ಯವನ್ನೇ ದಯವಿಟ್ಟು ಬರೆದು ತಿಳಿಸಿ. ಹೊತ್ತಿಗೆ ಅಚ್ಚಿಗೆ ಹೋಗುವವರೆಗೂ ಆ ಜಾಗವನ್ನು ಖಾಲಿ ಬಿಟ್ಟಿರುತ್ತೇನೆ.